ಹೂಂಗುಟ್ಟುವವರು ಬೇಕು

"ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ."

ಬೆಂಗಳೂರಿನಲ್ಲಿ ಈ ಮಾತು ದಿನಾ ಕಿವಿಗೆ ಬೀಳುತ್ತದೆ. ಮೆಟ್ರೊದಲ್ಲಿ ಪಕ್ಕ ನಿಂತವರ ಬಾಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ. ಯಾರೋ ಏನೋ ಹೇಳಲು ಶುರು ಮಾಡಿರುತ್ತಾರೆ. ಎದುರಿಗಿದ್ದವರ ಕಣ್ಣು ಫೋನಿನ ಕಡೆ ಹೋಗುತ್ತದೆ. ಇಲ್ಲವೇ "ಅದೆಲ್ಲಾ ಇದ್ದಿದ್ದೇ" ಅಂತ ಒಂದು ಉತ್ತರ ಬರುತ್ತದೆ. ಹೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಆ "ಆಮೇಲೆ" ಸಾಮಾನ್ಯವಾಗಿ ಬರುವುದೇ ಇಲ್ಲ.

ಚೆನ್ನಾಗಿ ಕೇಳಿಸಿಕೊಳ್ಳುವುದು ಅಂದರೆ ಹೇಳಿದ್ದನ್ನು ಒಂದಕ್ಷರ ಬಿಡದೆ ತಲೆಗೆ ಹಾಕಿಕೊಳ್ಳುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಾತು ಅವರೊಳಗೆ ಮೊದಲೇ ಪೂರ್ತಿ ತಯಾರಾಗಿ ಕೂತಿದೆ, ಅವರು ಹೇಳುತ್ತಾರೆ, ನಾವು ಕೇಳುತ್ತೇವೆ, ಅಷ್ಟೇ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಕೇಳುವವರ ಮುಖ ನೋಡಿಕೊಂಡೇ ಮಾತು ಹುಟ್ಟುತ್ತದೆ. ನಾವು ಸರಿಯಾಗಿ ಕೇಳದಿದ್ದರೆ ಅವರು ಹೇಳಿದ್ದು ನಮಗೆ ತಪ್ಪಿಹೋಗುತ್ತದೆ, ನಿಜ. ಆದರೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಅವರು ಹೇಳಬಹುದಾಗಿದ್ದ ಮಾತು ಹುಟ್ಟದೇ ಹೋಗುತ್ತದೆ. ಯಾರು ಕೇಳದೇ ಹೋದರು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಮಾತೇ ಇರಲಿಲ್ಲವಲ್ಲ.

ಕಥೆ ಹೇಳುವ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಥೆ ಬೇಕಾದರೆ ಒಬ್ಬರಾದರೂ ಹೂಂಗುಟ್ಟಲೇಬೇಕು. ಅದು ಕರಾರು. "ಒಂದೂರಲ್ಲಿ ಒಬ್ಬ ರಾಜ." "ಹೂಂ." "ಅವನಿಗೆ ಏಳು ಜನ ಹೆಂಡ್ತೀರು." "ಹೂಂ." ಹೂಂ ಸ್ವಲ್ಪ ತಡವಾದರೆ ಅಜ್ಜಿ ಕಥೆ ನಿಲ್ಲಿಸಿ "ಮಲ್ಗಿಬಿಟ್ಯಾ?" ಅಂತ ಕೇಳುತ್ತಿದ್ದರು. ಎಲ್ಲ ಹೂಂ ಒಂದೇ ಥರ ಇರುತ್ತಿರಲಿಲ್ಲ ಕೂಡ. ರಾಕ್ಷಸ ಬಾಗಿಲು ತಟ್ಟಿದಾಗ ಬರುವ ಹೂಂ ಮೆಲ್ಲಗೆ ಇರುತ್ತಿತ್ತು. ಕಿರಿಯ ರಾಜಕುಮಾರ ಗೆದ್ದಾಗ ಜೋರಾಗಿ ಬರುತ್ತಿತ್ತು. ಆ ಹೂಂ ಕೇಳಿಕೊಂಡು ಅಜ್ಜಿ ಒಂದು ಕಡೆ ಕಥೆ ಎಳೆಯುತ್ತಿದ್ದರು, ಇನ್ನೊಂದು ಕಡೆ ಬೇಗ ಮುಗಿಸುತ್ತಿದ್ದರು, ಬೇಕಾದರೆ ರಾಕ್ಷಸನಿಗೆ ಇನ್ನೊಂದು ತಲೆ ಕೊಡುತ್ತಿದ್ದರು. ಕಥೆ ಅಜ್ಜಿಯದು ಎಷ್ಟೋ, ಹೂಂಗುಟ್ಟಿದ ಮಗುವಿನದೂ ಅಷ್ಟೇ.

ಇದನ್ನೇ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಜಾನೆಟ್ ಬವೆಲಾಸ್ ಮತ್ತು ಅವರ ಜೊತೆಗಾರರು 2000ರಲ್ಲಿ ಅದನ್ನು ಪ್ರಕಟಿಸಿದರು. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಘಟನೆಯೊಂದನ್ನು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೆಲವು ಕೇಳುಗರಿಗೆ ಇನ್ನೊಂದು ಕೆಲಸವನ್ನೂ ಕೊಟ್ಟಿದ್ದರು. ಹೇಳುವವರ ಮಾತಿನಲ್ಲಿ ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದಗಳನ್ನು ಅವರು ಗಮನಿಸುತ್ತಿರಬೇಕು. ಅಂದರೆ ಒಂದೊಂದು ಪದವನ್ನೂ ಕಿವಿಗೊಟ್ಟೇ ಕೇಳಬೇಕಿತ್ತು. ಆದರೆ ಕಥೆ ಅವರೊಳಗೆ ಇಳಿಯುತ್ತಿರಲಿಲ್ಲ. "ಅಯ್ಯೋ" ಅನ್ನಬೇಕಾದ ಕಡೆ ಅನ್ನಲಿಲ್ಲ. ಬೆಚ್ಚಬೇಕಾದ ಕಡೆ ಬೆಚ್ಚಲಿಲ್ಲ. ಆಗ ಎಡವಿದ್ದು ಹೇಳುವವರು. ಅದರಲ್ಲೂ ಕಥೆಯ ಕೊನೆ ಕೆಟ್ಟುಹೋಯಿತು. ಕೆಲವರು ಗಬಕ್ಕನೆ ಮುಗಿಸಿಬಿಟ್ಟರು. ಕೆಲವರು ಕೊನೆಯನ್ನೇ ಸುತ್ತಿ ಸುತ್ತಿ ಮತ್ತೆ ಹೇಳಿದರು. ಅದು ಯಾಕೆ ಅಷ್ಟು ಅಪಾಯದ ಸಂಗತಿ ಅಂತ ಬಿಡಿಸಿ ಬಿಡಿಸಿ ವಿವರಿಸಿದರು.

ಇದನ್ನು ಓದಿದಾಗ ನನಗೆ ನಮ್ಮ ಸುತ್ತಲಿನ ಎಷ್ಟೋ ಜನ ಕಣ್ಮುಂದೆ ಬಂದರು. "ಅವರು ಹೇಳಿದ್ದನ್ನೇ ಹೇಳ್ತಾರಪ್ಪ" ಅಂತ ನಾವು ಯಾರ ಬಗ್ಗೆ ಅನ್ನುತ್ತೇವೋ ಅವರು. ಮೊದಲ ಸಲ ಹೇಳಿದಾಗ ಒಂದು "ಅಯ್ಯೋ" ಸಿಕ್ಕಿದ್ದರೆ ಅವರು ಅಲ್ಲಿಗೇ ಮುಗಿಸುತ್ತಿದ್ದರೋ ಏನೋ.

ಸರಿ, ಕೇಳುವುದು ಯಾಕಿಷ್ಟು ಕಷ್ಟ? ಒಂದು ಕಾರಣ ಮಾತಿನ ವೇಗದಲ್ಲೇ ಇದೆ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಒಂದು ವರದಿ ಕೊಟ್ಟರು. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಸೆಕೆಂಡಿನ ಐದನೇ ಒಂದು ಭಾಗ. ಆದರೆ ಒಂದೇ ಒಂದು ಪದವನ್ನು ತಲೆಯಲ್ಲಿ ಹುಡುಕಿ ಬಾಯಿಗೆ ತರಲು ಅದರ ಮೂರು ಪಟ್ಟು ಹೊತ್ತು ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಮ್ಮ ಉತ್ತರ ತಯಾರಾಗುತ್ತಿರುತ್ತದೆ. ಇದು ಯಾರದೋ ಕೆಟ್ಟ ಗುಣ ಅಲ್ಲ. ಮಾತುಕತೆ ನಡೆಯುವುದೇ ಹೀಗೆ.

"ಉಪ್ಪು ಎಲ್ಲಿದೆ", "ಬಸ್ ಬಂತಾ" ಅನ್ನುವ ಮಾತಿಗೆ ಆ ವೇಗ ಸರಿಯಾಗಿದೆ. ಕೆಲವು ಮಾತಿಗೆ ಮಾತ್ರ ಅಷ್ಟು ಬಿಡುವು ಸಾಲದು. ಭಾರದ ಮಾತು ಮೊದಲ ವಾಕ್ಯದಲ್ಲೇ ಬರುವುದಿಲ್ಲ, ಅಲ್ವಾ? "ಇವತ್ತು ಆಫೀಸಲ್ಲಿ ಒಂಥರಾ ಆಯ್ತು" ಅಂತ ಶುರುವಾಗುತ್ತದೆ. ಅದು ಇನ್ನೂ ವಿಷಯವಲ್ಲ. ಇಲ್ಲಿ ಹೇಳಬಹುದಾ ಅಂತ ಬಾಗಿಲು ತಟ್ಟಿ ನೋಡುವುದು. ಆಗ ನಾವು ಥಟ್ಟನೆ ಉತ್ತರ ಕೊಟ್ಟರೆ ಮಾತುಕತೆ ಆ ಮೊದಲ ವಾಕ್ಯದ ಮೇಲೇ ನಡೆದು ಮುಗಿದುಹೋಗುತ್ತದೆ. ಒಂದು ಉಸಿರಿನಷ್ಟು ಹೊತ್ತು ಸುಮ್ನೆ ಇದ್ದರೆ ಎರಡನೆಯದು ಬರುತ್ತದೆ. ನಿಜವಾದ ವಿಷಯ ಬಹಳ ಸಲ ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಇರುತ್ತದೆ. ಅಲ್ಲಿಯವರೆಗೆ ಬೇಕಾಗಿರುವುದು "ಹೂಂ" ಮತ್ತು "ಆಮೇಲೆ?" ಎರಡೇ.

ಇಲ್ಲಿ ಒಂದು ಮಾತು ಹೇಳಲೇಬೇಕು. "ನಡುವೆ ಬಾಯಿ ಹಾಕಬೇಡಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿ, ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ" ಅಂತ ಆಫೀಸಿನ ತರಬೇತಿಗಳಲ್ಲಿ ಕಲಿಸುತ್ತಾರೆ. ಇದರ ಬೇರು ಅಮೆರಿಕದಲ್ಲಿದೆ. ಮನಃಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ 'ಆಕ್ಟಿವ್ ಲಿಸನಿಂಗ್' ಅನ್ನುವ ಹೆಸರನ್ನು ಬಳಕೆಗೆ ತಂದರು. ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಎದುರಿನವರನ್ನು ಬದಲಾಯಿಸುವ ಆಸೆ ಬಿಟ್ಟು ಕೇಳುವುದು. ತರಬೇತಿಗಳಲ್ಲಿ ಅದು ಎಲ್ಲೋ ಕರಗಿ, ತಿರುಗಿ ಹೇಳುವ ತಂತ್ರ ಮಾತ್ರ ಉಳಿದುಕೊಂಡಿದೆ. "ಅಂದ್ರೆ ನಿಮಗೆ ಬೇಜಾರಾಗಿದೆ ಅಂತೀರಾ?" ಅಂತ ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. "ಇವರಿಗೇನಾಯ್ತು?" ಅನ್ನುವ ಹಾಗೆ ನೋಡುತ್ತಾರೆ.

ನಡುವೆ ಬಾಯಿ ಹಾಕುವುದೂ ಅಷ್ಟೇ. ಮದುವೆ ಮನೆಯಲ್ಲಿ ಹೂ ಕಟ್ಟುತ್ತಾ ಕೂತ ಹೆಂಗಸರ ಮಾತು ಕೇಳಿದ್ದೀರಾ? ಮೂರು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ. "ಹಂಗಂದ್ಲಾ?" "ಅಯ್ಯೋ ದೇವ್ರೇ!" "ಹೇಳು ಹೇಳು, ಆಮೇಲೇನಾಯ್ತು?" ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಾರೆ. ಅಲ್ಲಿ ಕೇಳಿಸಿಕೊಳ್ಳದವರು ಒಬ್ಬರೂ ಇರುವುದಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನೆನ್ ನ್ಯೂಯಾರ್ಕಿನವರ ಊಟದ ಮೇಜಿನ ಮಾತನ್ನು ಗಮನಿಸಿ ಇದನ್ನೇ ಹೇಳಿದರು. ಮಾತಿನ ಮೇಲೆ ಮಾತು ಬೀಳುವುದು ಕೆಲವರಲ್ಲಿ ಉತ್ಸಾಹದ ಗುರುತು, ತಡೆಯಲ್ಲ.

"ನಮ್ಮನೇಲೂ ಹಿಂಗೇ ಆಯ್ತು" ಅನ್ನುವುದರ ಬಗ್ಗೆಯೂ ನನ್ನ ಅಭಿಪ್ರಾಯ ಬೇರೆ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ 1979ರಲ್ಲಿ ಉತ್ತರಗಳನ್ನು ಎರಡು ಬಗೆ ಮಾಡಿದರು. ಒಂದು, ಮಾತನ್ನು ಹೇಳುವವರ ಬಳಿಯೇ ಉಳಿಸುವುದು. ಇನ್ನೊಂದು, ಮಾತನ್ನು ತನ್ನ ಕಡೆ ತಿರುಗಿಸಿಕೊಳ್ಳುವುದು. ಆ ಲೆಕ್ಕದಲ್ಲಿ "ನಮ್ಮನೇಲೂ ಹಿಂಗೇ" ತಪ್ಪು. ಆದರೆ ನಮ್ಮಲ್ಲಿ ಅದು ಸಮಾಧಾನದ ಮಾತು. ಮಗನಿಗೆ ಸೀಟು ಸಿಗಲಿಲ್ಲ ಅಂತ ಅಳುತ್ತಿರುವ ತಾಯಿಗೆ "ನಮ್ಮ ಅಕ್ಕನ ಮಗನಿಗೂ ಹಿಂಗೇ ಆಗಿತ್ತು, ಈಗ ಚೆನ್ನಾಗಿದ್ದಾನೆ" ಅಂತ ಹೇಳುವುದು ಜೊತೆಗೆ ನಿಲ್ಲುವ ರೀತಿ. ನೋಡಬೇಕಾದ್ದು ಮುಂದೇನಾಗುತ್ತದೆ ಅನ್ನುವುದನ್ನು. ಅಕ್ಕನ ಮಗನ ಕಥೆ ಎರಡು ಮಾತಿನಲ್ಲಿ ಮುಗಿದು "ನಿನ್ನ ಮಗ ಏನಂತಾನೆ?" ಅಂತ ತಿರುಗಿ ಬಂತಾ? ಹಾಗಾದರೆ ಅದು ಕೇಳಿದ್ದೇ. ಅಕ್ಕನ ಮಗ ಕೆನಡಾಕ್ಕೆ ಹೋಗಿ ಮನೆ ತೆಗೆದುಕೊಂಡದ್ದರವರೆಗೂ ಕಥೆ ನಡೆದರೆ ಅಳುತ್ತಿದ್ದವರು ಕಣ್ಣೊರೆಸಿಕೊಂಡು ಕಾಫಿ ಮಾಡಲು ಏಳುತ್ತಾರೆ.

ಕಣ್ಣಲ್ಲಿ ಕಣ್ಣಿಟ್ಟು ಕೇಳುವ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ಅವರೆಕಾಯಿ.

ಡಿಸೆಂಬರ್ ಬಂತು ಅಂದರೆ ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಫುಟ್‌ಪಾತಿನ ತುಂಬಾ ಅವರೆಕಾಯಿ ರಾಶಿ ಬೀಳುತ್ತದೆ. ಮಾಗಡಿ ಕಡೆಯಿಂದ ನಮ್ಮ ಚಿಕ್ಕಮ್ಮ ಒಂದು ಚೀಲ ಹೊತ್ತು ತರುತ್ತಾರೆ. ಹಾಲ್‌ನಲ್ಲಿ ಪೇಪರ್ ಹಾಸಿ ನಡುವೆ ಸುರಿದು ಸುತ್ತ ಕೂರುತ್ತೇವೆ. ಸೊಗಡಿನ ಕಾಯಿ, ಬಿಡಿಸಿದ ಬೆರಳೆಲ್ಲ ಅಂಟು ಅಂಟು. ಎರಡು ಸಲ ಸೋಪು ಹಾಕಿದರೂ ವಾಸನೆ ಹೋಗುವುದಿಲ್ಲ. ಬಿಡಿಸಿದ ಕಾಳನ್ನು ರಾತ್ರಿ ನೀರಿಗೆ ಹಾಕಿಟ್ಟು ಬೆಳಿಗ್ಗೆ ಹಿತುಕಬೇಕು. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ನಾಲ್ಕು ಜನರ ಸಾರಿಗೆ ಆಗುವಷ್ಟು ಹಿತುಕಲು ಗಂಟೆಗಟ್ಟಲೆ ಬೇಕು. ಕೈ ಬಿಡುವಿಲ್ಲ, ಕಣ್ಣು ಪಾತ್ರೆಯಲ್ಲಿ. ಕಿವಿ ಮಾತ್ರ ಪೂರ್ತಿ ಖಾಲಿ.

ಹೋದ ಚಳಿಗಾಲದಲ್ಲಿ ಚಿಕ್ಕಮ್ಮ ಹೀಗೇ ಹಿತುಕುತ್ತಾ ಕೂತಿದ್ದಾಗ ಮಾತು ಕಾಯಿಯ ರೇಟಿನಿಂದ ಶುರುವಾಯಿತು. ಅಲ್ಲಿಂದ ಈ ಸಲದ ಇಬ್ಬನಿಗೆ ಹೋಯಿತು. ಆಮೇಲೆ ಅವರ ತವರಿನ ಹೊಲಕ್ಕೆ. ಆಮೇಲೆ ಹೊಲದ ಪಕ್ಕ ಬಂದ ಲೇಔಟಿಗೆ. ನಾನು "ಹೂಂ" ಅನ್ನುತ್ತಾ ಹಿತುಕುತ್ತಿದ್ದೆ. ಸುಮಾರು ಹೊತ್ತು ಸುಮ್ಮನಿದ್ದು, "ತಮ್ಮ ಬಂದಿದ್ದ ಕಣೇ. ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಕ್ಕ ಅಂದ" ಅಂದರು.

ಈ ಮಾತು ಕೇಳಿದ ಕೂಡಲೇ ಯಾರ ಬಾಯಿಗಾದರೂ ಕಾನೂನು ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಇದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ಬೆಂಗಳೂರಿನ ಸುತ್ತ ಭೂಮಿಯ ಬೆಲೆ ಏರಿದ ಮೇಲೆ ಎಷ್ಟು ಅಕ್ಕತಂಗಿಯರು ಪಾಲು ಬಿಟ್ಟುಕೊಡುವ ಇಂಥ ಪತ್ರದ ಮುಂದೆ ಪೆನ್ನು ಹಿಡಿದು ಕೂತಿದ್ದಾರೋ. ನನ್ನ ನಾಲಿಗೆ ತುದಿಯಲ್ಲೂ ಅದೇ ಇತ್ತು. ಆದರೆ ಚಿಕ್ಕಮ್ಮ ಇನ್ನೂ ಮುಗಿಸಿರಲಿಲ್ಲ, ಕೈ ಮಾತ್ರ ನಿಧಾನವಾಗಿತ್ತು. "ಆಮೇಲೆ?" ಅಂದೆ.

"ದುಡ್ಡು ಬೇಡ ಕಣೇ ನಂಗೆ. ಸೈನ್ ಹಾಕಿದ್ಮೇಲೆ ಗೌರಿ ಹಬ್ಬಕ್ಕೆ ಕರೀತಾನೋ ಇಲ್ವೋ ಅಂತ. ಹಾಕದೆ ಇದ್ರೂ ಕರೀತಾನೋ ಇಲ್ವೋ ಅಂತ."

ವಿಷಯ ಅದಾಗಿತ್ತು. ತವರಿನ ಬಾಗಿಲು. ಮೊದಲೇ ಕಾನೂನು ಎತ್ತಿದ್ದರೆ ಮಾತೆಲ್ಲ ಎಕರೆ ಗುಂಟೆಯ ಮೇಲೆ ನಡೆದು ಈ ಮಾತು ಒಳಗೇ ಉಳಿಯುತ್ತಿತ್ತು. ಅವರೂ ಅದನ್ನು ಅಷ್ಟು ಬಿಡಿಸಿ ಅಂದುಕೊಂಡಿದ್ದು ಆಗಲೇ ಅಂತ ನನಗೆ ಅನ್ನಿಸಿತು, ಹೇಳಿದ ಮೇಲೆ ಅವರ ಮುಖದಲ್ಲೇ ಒಂದು ಆಶ್ಚರ್ಯ ಇತ್ತು. ಇನ್ನಷ್ಟು ಹೊತ್ತಾದ ಮೇಲೆ ಅವರೇ "ಏನ್ ಮಾಡ್ಲಿ ಅಂತೀಯ?" ಅಂತ ಕೇಳಿದರು. ಕಾನೂನಿನ ಮಾತು ಆಗ ಹೇಳಿದೆ, ಕೇಳಿಸಿಕೊಂಡರು. ಸಲಹೆ ಕೊಡಲೇಬಾರದು ಅಂತ ಹೇಳುವವರ ಜೊತೆ ನಾನು ಒಪ್ಪುವುದಿಲ್ಲ. ಹಿರಿಯರು, ಸ್ನೇಹಿತರು ಇರುವುದು ಅದಕ್ಕೂ ಹೌದು. ಕೇಳಿದ ಮೇಲೆ ಕೊಡಬೇಕು, ಅಷ್ಟೇ. ಗೊತ್ತಾಗದಿದ್ದರೆ "ನಾನು ಬರೀ ಕೇಳ್ಲಾ, ಏನಾದ್ರೂ ಹೇಳ್ಲಾ?" ಅಂತ ಕೇಳಿಬಿಡುವುದರಲ್ಲಿ ತಪ್ಪಿಲ್ಲ.

ಮಕ್ಕಳ ಜೊತೆಗೂ ಎದುರುಬದುರು ಕೂತು ಕೇಳಿದರೆ "ಕಾಲೇಜ್ ಹೇಗಿತ್ತು?" "ಪರವಾಗಿಲ್ಲ" ಅಲ್ಲಿಗೆ ಮುಗಿಯುತ್ತದೆ. ನನ್ನ ಮಗಳ ಮಾತೆಲ್ಲ ಬರುವುದು ಸ್ಕೂಟರಿನ ಹಿಂದೆ ಕೂತಾಗ, ಅದೂ ಸಿಗ್ನಲ್ಲಿನಲ್ಲಿ. ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಗಂಡ ಹೆಂಡತಿ, ಅಣ್ಣ ತಮ್ಮ, ಹಳೇ ಸ್ನೇಹಿತರು. ಇವರ ನಡುವೆ ಕೇಳುವುದು ಸುಲಭ ಅಂತ ಅನ್ನಿಸುತ್ತದೆ. ಇಲ್ಲೇ ಹೆಚ್ಚು ಕಷ್ಟ. ಮನಃಶಾಸ್ತ್ರಜ್ಞರಾದ ಕೆನೆತ್ ಸಾವಿಟ್ಸ್ಕಿ, ಬೋಅಜ್ ಕೀಸರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಅರ್ಥ ಬರುವ ಮಾತುಗಳನ್ನು ದಂಪತಿಗಳಿಗೂ ಅಪರಿಚಿತರಿಗೂ ಕೊಟ್ಟು ನೋಡಿದರು. ಹೇಳಿದವರ ಮನಸ್ಸಿನಲ್ಲಿದ್ದ ಅರ್ಥ ಹಿಡಿಯುವುದರಲ್ಲಿ ದಂಪತಿಗಳು ಅಪರಿಚಿತರಿಗಿಂತ ಮುಂದೆ ಇರಲಿಲ್ಲ. ನಮ್ಮವರಿಗೆ ಅರ್ಥ ಆಗುತ್ತದೆ ಅನ್ನುವ ನಂಬಿಕೆ ಮಾತ್ರ ಜಾಸ್ತಿ ಇತ್ತು. ಎಪ್ಲಿ ಮತ್ತು ಇನ್ನಿಬ್ಬರು 2018ರಲ್ಲಿ ಪ್ರಕಟಿಸಿದ ಸಾಲು ಸಾಲು ಪ್ರಯೋಗಗಳಲ್ಲೂ ಇಂಥದ್ದೇ ಕಂಡಿತು. ಇನ್ನೊಬ್ಬರ ಜಾಗದಲ್ಲಿ ನಿಂತು ಊಹಿಸಿದರೆ ಅವರ ಮನಸ್ಸು ಹೆಚ್ಚು ಸರಿಯಾಗಿ ತಿಳಿಯುವುದಿಲ್ಲ. ಅವರನ್ನೇ ಕೇಳಿದರೆ ತಿಳಿಯುತ್ತದೆ. ಇಪ್ಪತ್ತು ವರ್ಷ ಒಟ್ಟಿಗೆ ಇದ್ದವರು "ನೀನು ಏನ್ ಹೇಳ್ತೀಯ ಅಂತ ಗೊತ್ತು" ಅನ್ನುವುದರಲ್ಲಿ ಪ್ರೀತಿ ಇದೆ, ಸಲಿಗೆ ಇದೆ. ಆದರೆ ಇಪ್ಪತ್ತು ವರ್ಷದ ಹಿಂದಿನ ಮನುಷ್ಯನಿಗೇ ಉತ್ತರ ಕೊಡುತ್ತಿದ್ದೇವಾ ಅಂತ ಒಮ್ಮೆ ನೋಡಿಕೊಳ್ಳಬೇಕು. ಜನ ಮನೆಯೊಳಗಿದ್ದುಕೊಂಡೇ ಬದಲಾಗುತ್ತಾರೆ.

ಇದರ ಇನ್ನೊಂದು ತುದಿ ಪೂರಾ ಹೊಸಬರದು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಕಲಬುರಗಿ ಕಡೆಯವರು. ಅವರ ಕನ್ನಡ ಅರ್ಥವಾಗಲ್ಲ ಅಂತ ಕೆಲವರು ಅವರ ಜೊತೆ ಹಿಂದಿಯಲ್ಲಿ ಮಾತಾಡುತ್ತಾರೆ. ಅವರ ಮಾತು "ಹೌದ್ರಿ ಮೇಡಂ, ಇಲ್ರಿ ಮೇಡಂ" ಎರಡಕ್ಕೆ ಬಂದು ನಿಂತಿತ್ತು. ಒಂದು ರಾತ್ರಿ ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು, ನಾನು ಕೆಳಗೇ ಕಾಯುತ್ತಿದ್ದೆ. ಊರಲ್ಲಿ ಏನು ಬೆಳೀತಿದ್ರಿ ಅಂತ ಕೇಳಿದೆ. "ತೊಗರಿ ರೀ ಅಕ್ಕಾರ. ನೆಟೆ ರೋಗ ಬಂದು ಎಲ್ಲಾ ಒಣಗಿ ಹೋಗ್ಯಾದ್ರಿ" ಅಂದರು. ನೆಟೆ ಅಂದರೆ ಏನು ಅಂತ ಕೇಳಿದೆ. ಗಿಡ ಹಸಿರಾಗಿ ನಿಂತಿರುವಾಗಲೇ ಬೇರಿನಿಂದ ರೋಗ ಏರುತ್ತದಂತೆ. ಹೂ ಕಾಯಿ ಬರುವ ಹೊತ್ತಿಗೆ ಇಡೀ ಹೊಲ ನಿಂತಲ್ಲೇ ಒಣಗುತ್ತದಂತೆ. ಹೇಳುತ್ತಾ ಹೇಳುತ್ತಾ ಅವರ ಬೆನ್ನು ನೆಟ್ಟಗಾಯಿತು. ಕೈ ಎತ್ತಿ ಗಿಡದ ಎತ್ತರ ತೋರಿಸಿದರು. ನಾವು ದಿನಾ ಸಾರಿಗೆ ಹಾಕುವ ಬೇಳೆಯ ಬಗ್ಗೆ ಅಷ್ಟು ತಿಳಿದವರು ನಮ್ಮ ಗೇಟಿನಲ್ಲೇ ಕೂತಿದ್ದರು. ಅವರ ಮಾತಿನಲ್ಲಿ ನನಗೂ ಕೆಲವು ಪದ ತಿಳಿಯಲಿಲ್ಲ. ಮತ್ತೆ ಕೇಳಿದೆ, ಮತ್ತೆ ಹೇಳಿದರು. "ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನುವುದನ್ನು ಯಾರೂ ಅವಮಾನ ಅಂತ ತಿಳಿಯುವುದಿಲ್ಲ. ಗೊತ್ತಾದ ಹಾಗೆ ತಲೆಯಾಡಿಸಿ ಹೊರಟುಹೋದರೆ ನಾವು ಕೇಳಿಸಿಕೊಳ್ಳಲಿಲ್ಲ ಅಂತ ಅವರಿಗೆ ತಿಳಿದುಬಿಡುತ್ತದೆ.

ಈಗ ಕಿವಿಯದೇ ವಿಷಯ. ನಮ್ಮ ಮಾವನವರಿಗೆ 80ರ ಹತ್ತಿರ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣವಾದ ಸದ್ದುಗಳು. ಸ, ಶ, ಫ ಥರದ ವ್ಯಂಜನಗಳು ಆ ಸದ್ದುಗಳಲ್ಲೇ ಸೇರುತ್ತವೆ. ಸ್ವರಗಳು ಕೇಳುತ್ತಲೇ ಇರುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ, ಏನು ಅಂತ ತಿಳಿಯುವುದಿಲ್ಲ. "ಬೇಕಾದ್ದು ಮಾತ್ರ ಕೇಳ್ಸುತ್ತೆ ಇವರಿಗೆ" ಅಂತ ಹಿರಿಯರ ಬಗ್ಗೆ ಹೇಳುವುದನ್ನು ಎಷ್ಟು ಮನೆಯಲ್ಲಿ ಕೇಳಿಲ್ಲ! ಅದು ಅನ್ಯಾಯದ ಮಾತು. ಸದ್ದಿಲ್ಲದ ಕೋಣೆಯಲ್ಲಿ ಎದುರು ಕೂತು ಹೇಳಿದ್ದು ಕೇಳುತ್ತದೆ. ಕುಕ್ಕರ್ ಕೂಗುತ್ತಿರುವಾಗ ಅಡುಗೆಮನೆಯಿಂದ ಬೆನ್ನು ಮಾಡಿ ಹೇಳಿದ್ದು ಕೇಳುವುದಿಲ್ಲ. ಕಿರುಚುವುದರಿಂದಲೂ ಆಗುವುದಿಲ್ಲ. ಕಿರುಚಿದಾಗ ಸ್ವರ ಇನ್ನೂ ದೊಡ್ಡದಾಗಿ ವ್ಯಂಜನ ಮುಚ್ಚಿಹೋಗುತ್ತದೆ, ಮೇಲೆ ಬೈದ ಹಾಗೂ ಕೇಳಿಸುತ್ತದೆ.

ನಾವು ಮನೆಯಲ್ಲಿ ಮಾಡಿಕೊಂಡದ್ದು ಇಷ್ಟು. ಮಾತಾಡುವ ಮೊದಲು ಟಿವಿ ಸದ್ದು ತೆಗೆಯುವುದು. ಅದೇ ಕೋಣೆಗೆ ಹೋಗಿ, ಬೆಳಕು ನಮ್ಮ ಮುಖದ ಮೇಲೆ ಬೀಳುವ ಹಾಗೆ ಕೂರುವುದು, ಯಾಕೆಂದರೆ ತುಟಿ ನೋಡಿಯೂ ಅರ್ಧ ತಿಳಿಯುತ್ತದೆ. ವಿಷಯ ಮೊದಲು ಹೇಳುವುದು: "ಮಾವ, ನಾಳೆ ಡಾಕ್ಟರ್ ಹತ್ರ ಹೋಗೋ ವಿಷಯ." ಒಂದು ಸಲ ತಿಳಿಯದಿದ್ದರೆ ಅದೇ ಪದಗಳನ್ನು ಜೋರಾಗಿ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳುವುದು. ಮೊದಲೆಲ್ಲ ಮಾವ ಒಂದೇ ಸಮನೆ ತಾವೇ ಮಾತಾಡುತ್ತಿದ್ದರು. ತಾನು ಮಾತಾಡುತ್ತಿರುವಷ್ಟು ಹೊತ್ತು ಬೇರೆಯವರ ಮಾತು ಹಿಡಿಯುವ ಕಷ್ಟ ಇಲ್ಲವಲ್ಲ. ಈಗ ನಿಲ್ಲಿಸುತ್ತಾರೆ, "ನೀನೇನಂತೀಯಮ್ಮ?" ಅಂತ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲೂ ಪರೀಕ್ಷೆ ಸಿಗುತ್ತದೆ. "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡುವ ಮೊದಲು ಒಂದು ಸಲ ಕರೆದುಕೊಂಡು ಹೋಗಿ.

ಸಂತೋಷದ ಸುದ್ದಿಯನ್ನೂ ಕೇಳಲು ಬರಬೇಕು. ಇದನ್ನು ನಾವು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಸೈಟ್ ತಗೊಂಡ್ವಿ" ಅಂದ ಕೂಡಲೇ "ಇ-ಖಾತಾ ಇದೆಯಾ? ಲೋನ್ ಎಷ್ಟು?" ಅಂತ ಕೇಳುತ್ತೇವೆ. ಕಾಳಜಿಯಿಂದಲೇ. ಅಮೆರಿಕದ ಮನಃಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಳ್ಳೆಯ ಸುದ್ದಿಗೆ ಸಂಗಾತಿ ಉತ್ಸಾಹದಿಂದ ಸ್ಪಂದಿಸುತ್ತಾರೆ ಅಂದವರ ಸಂಬಂಧ ಹೆಚ್ಚು ಗಟ್ಟಿಯಾಗಿತ್ತು. ಖಾತೆ ನಾಳೆ ಕೇಳಬಹುದು. ಇವತ್ತು "ಹೌದಾ! ಎಲ್ಲಿ? ಯಾವ ಕಡೆ ಮುಖ? ಅಮ್ಮ ಏನಂದ್ರು?" ಅಂತ ಕೇಳಿದರೆ ಅವರು ಆ ಖುಷಿಯನ್ನು ಇನ್ನೊಮ್ಮೆ ಅನುಭವಿಸುತ್ತಾರೆ.

ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವ ಪದ್ಧತಿ ನಮ್ಮಲ್ಲಿದೆ. ಹೆಸರಿಗೆ ಮಾತಾಡಿಸುವುದು, ಮಾಡಬೇಕಾದ್ದು ಕೇಳುವುದು. ಹೋದವರ ಹೆಂಡತಿಯೋ ಮಗನೋ ಎಲ್ಲವನ್ನೂ ಮೊದಲಿನಿಂದ ಹೇಳುತ್ತಾರೆ. "ಬೆಳಿಗ್ಗೆ ಎದ್ದು ಕಾಫಿ ಕುಡಿದ್ರು. ಪೇಪರ್ ಓದಿದ್ರು. ಯಾಕೋ ಎದೆ ಹಿಡಿದ ಹಾಗಾಗ್ತಿದೆ ಅಂದ್ರು. ಆಂಬುಲೆನ್ಸ್ ಬರೋ ಹೊತ್ತಿಗೆ..." ಇನ್ನೊಬ್ಬರು ಒಳಗೆ ಬರುತ್ತಾರೆ, ಮತ್ತೆ ಕಾಫಿಯಿಂದ ಶುರು. ಮೊದಲೇ ಬಂದು ಕೂತಿದ್ದವರು ಅದನ್ನು ಮತ್ತೆ ಕೇಳುತ್ತಾರೆ, ಹೊಸದಾಗಿ ಕೇಳಿದ ಹಾಗೆ. ಒಂದೊಂದು ಸಲ ಹೇಳುವಾಗಲೂ ಸ್ವಲ್ಪ ಬದಲಾಗುತ್ತದೆ. ಮೊದಲ ದಿನ ಇಲ್ಲದ ಒಂದು ವಿವರ ಐದನೇ ದಿನ ಬರುತ್ತದೆ: "ಹಿಂದಿನ ರಾತ್ರಿ ಮಗಳಿಗೆ ಫೋನ್ ಮಾಡಿದ್ರಂತೆ." ಆಗಬಾರದ್ದು ಆಗಿದೆ ಅನ್ನುವುದನ್ನು ಹೇಳಿ ಹೇಳಿಯೇ ಅವರು ನಂಬಬೇಕು. ಅದಕ್ಕೆ ಬೇಕಾದಷ್ಟು ಕಿವಿಗಳು ಆ ಮನೆಗೆ ಬರಬೇಕು.

ಬೆಂಗಳೂರಿನಲ್ಲಿ ಈಗ ಇದು ಕಡಿಮೆಯಾಗುತ್ತಿದೆ. ದೂರ, ಟ್ರಾಫಿಕ್ಕು, ರಜೆ ಸಿಗದಿರುವುದು. ವಾಟ್ಸಾಪಿನಲ್ಲಿ 'ಓಂ ಶಾಂತಿ' ಹಾಕಿದರೆ ಆಯಿತು. ಮಾತಾಡಿಸಲು ಹೋದವರೂ "ಎಲ್ಲಾ ದೈವೇಚ್ಛೆ, ಧೈರ್ಯ ತಗೊಳ್ಳಿ" ಅಂತ ಹೇಳಿ ಎದ್ದುಬಿಡುತ್ತಾರೆ. ಧೈರ್ಯದ ಮಾತು ಹೇಳಿದ ಕೂಡಲೇ ಅಳುತ್ತಿದ್ದವರು ಕಣ್ಣೊರೆಸಿಕೊಂಡು ನಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತಾರೆ. ಹೋಗುವುದಾದರೆ ಕೂರಲು ಸಮಯ ಇಟ್ಟುಕೊಂಡು ಹೋಗಿ. "ಹೇಗಾಯ್ತು?" ಅಂತ ಕೇಳಿ. ಗೊತ್ತಿದ್ದರೂ ಕೇಳಿ. ಹದಿಮೂರನೇ ದಿನ ಆದ ಮೇಲೆ, ನೆಂಟರೆಲ್ಲ ಹೊರಟ ಮೇಲೆ, ಇನ್ನೊಂದು ಸಲ ಹೋಗಿ. ಆಗ ಆ ಮನೆಯಲ್ಲಿ ಕೇಳುವವರು ಯಾರೂ ಇರುವುದಿಲ್ಲ.

ಎಲ್ಲರೂ ಎಲ್ಲರನ್ನೂ ಯಾವಾಗಲೂ ಕೇಳುತ್ತಾ ಕೂರಲು ಆಗುವುದಿಲ್ಲ. ಎರಡು ಗಂಟೆ ಟ್ರಾಫಿಕ್ಕಿನಲ್ಲಿ ನಿಂತು ಬಂದವರಿಗೆ ಮನೆ ಬಾಗಿಲಲ್ಲೇ ಒಂದು ದೊಡ್ಡ ವಿಷಯ ಹೇಳಿದರೆ ಅದು ಒಳಗೆ ಇಳಿಯುವುದಿಲ್ಲ. ಅರ್ಧ ಮನಸ್ಸಿನಿಂದ ಹೂಂಗುಟ್ಟುವ ಬದಲು "ಈಗ ಆಗ್ತಿಲ್ಲ, ಊಟ ಆದ್ಮೇಲೆ ಕೂತ್ಕೊಳ್ಳೋಣ" ಅಂತ ಹೇಳುವುದೇ ಮೇಲು. ಆದರೆ ಊಟ ಆದ ಮೇಲೆ ನಾವೇ ಮೊದಲು ಕೇಳಬೇಕು. ಅವರು ಮತ್ತೆ ಎತ್ತಲಿ ಅಂತ ಕಾಯಬಾರದು. ಹಾಗೇ, ಕೇಳುವವರನ್ನು ದಿನಾ ಹೀಯಾಳಿಸುವವರ ಮಾತನ್ನು ಯಾರೂ ಸಹಿಸಿಕೊಂಡು ಕೇಳಬೇಕಾಗಿಲ್ಲ.

ಇನ್ನು ಕೆಲವು ಸಲ ನಮ್ಮ ಕಿವಿ ಸಾಕಾಗುವುದಿಲ್ಲ. ಹತ್ತಿರದವರು ಯಾರಾದರೂ "ಎಲ್ಲಾ ಸಾಕಾಗಿದೆ, ಇದ್ದೇನು ಪ್ರಯೋಜನ" ಅಂತ ಮತ್ತೆ ಮತ್ತೆ ಅನ್ನುತ್ತಿದ್ದರೆ "ಹಂಗೆಲ್ಲಾ ಮಾತಾಡಬೇಡ" ಅಂತ ಬಾಯಿ ಮುಚ್ಚಿಸಬೇಡಿ. ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಭಯ ಬೇಡ, ಹಾಗೆ ಆಗುವುದಿಲ್ಲ ಅಂತ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಹೇಳುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ನಂಬರ್ 14416. ಹಗಲು ರಾತ್ರಿ ತೆಗೆಯುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕಳಿಸಿ ಸುಮ್ಮನಾಗಬೇಡಿ. ನೀವೇ ಫೋನ್ ಹಚ್ಚಿ ಅವರ ಕೈಗೆ ಕೊಡಿ. ಅವರು ಮಾತಾಡಿ ಮುಗಿಸುವವರೆಗೂ ಮನೆಯಲ್ಲೇ ಇರಿ, ಆ ರಾತ್ರಿ ಅವರೊಬ್ಬರನ್ನೇ ಬಿಟ್ಟು ಹೊರಡಬೇಡಿ.